ಕ್ಯಾವೆಂಡಿಷ್ ಮನೆಯ ಸೊಸೆಯರನ್ನು ಹುಡುಕಿಕೊಂಡು ಐದು ದಿನ

ಮೊದಲ ದಿನ: ಡರ್ಬಿ

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಡರ್ಬಿ. ಅತ್ತಿಗೆಯ ಮಗ ಅಲ್ಲೇ ಕೆಲಸದಲ್ಲಿದ್ದಾನೆ. ಜೂನ್ ತಿಂಗಳಲ್ಲಿ ಅತ್ತಿಗೆ ಅವನನ್ನು ನೋಡಲು ಹೊರಟಾಗ ನಾನೂ ಜೊತೆಗೆ ಹೊರಟೆ. ಕ್ಯಾವೆಂಡಿಷ್ ಮನೆತನದ ಹೆಂಗಸರ ಬಗ್ಗೆ ಎಷ್ಟೋ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಅವರು ಬಾಳಿದ ಮನೆಗಳೆಲ್ಲ ಈ ಊರಿನ ಆಸುಪಾಸಿನಲ್ಲೇ ಇವೆ. ಒಂದು ಸಲ ಕಣ್ಣಾರೆ ನೋಡಬೇಕಿತ್ತು.

ಡ್ಯೂಕ್ ಆಫ್ ಡೆವನ್‌ಷೈರ್ ಅನ್ನುವುದು ಇದೇ ಮನೆತನದ ಪದವಿ. ಅಪ್ಪನಿಂದ ಮಗನಿಗೆ ಹೋಗುತ್ತದೆ. ವಂಶವೃಕ್ಷ ತೆಗೆದರೆ ಮೊದಲ ಏಳು ಡ್ಯೂಕ್‌ಗಳ ಹೆಸರೂ ವಿಲಿಯಂ. ಹೆಂಗಸರಿಗೆ ಪಕ್ಕದಲ್ಲಿ ಒಂದು ಸಣ್ಣ ಗೆರೆ, ಅಷ್ಟೇ. ಆದರೆ ಮನೆ ಕಟ್ಟಿದ್ದು ಯಾರು, ಆಸ್ತಿ ತಂದಿದ್ದು ಯಾರು, ಸಾಲ ತೀರಿಸಿದ್ದು ಯಾರು ಅಂತ ಕೇಳುತ್ತಾ ಹೋದರೆ ಮತ್ತೆ ಮತ್ತೆ ಹೊರಗಿನಿಂದ ಬಂದ ಸೊಸೆಯರೇ ಸಿಗುತ್ತಾರೆ. ನನ್ನ ಮಟ್ಟಿಗೆ ಇದು ಸೊಸೆಯರ ಮನೆ.

ಸಾಮಾನು ಮನೆಯಲ್ಲಿಟ್ಟು ಸಂಜೆಯೇ ಡರ್ಬಿ ಕೆಥೆಡ್ರಲ್‌ಗೆ ಹೋದೆವು. ಹಿಂದೆ ಇದು ಆಲ್ ಸೇಂಟ್ಸ್ ಚರ್ಚ್ ಆಗಿತ್ತು. ಒಳಗೆ ಗೋಡೆಗೆ ಆನಿಸಿದ ದೊಡ್ಡ ಸಮಾಧಿ. ಅದರ ಮೇಲೆ ಕೈಮುಗಿದು ಅಂಗಾತ ಮಲಗಿದ ಹೆಂಗಸಿನ ಮೂರ್ತಿ. ಎಲಿಜಬೆತ್ ಹಾರ್ಡ್‌ವಿಕ್. ಜನ ಕರೆಯುವುದು ಹಾರ್ಡ್‌ವಿಕ್‌ನ ಬೆಸ್ ಅಂತ. ಸಾಯುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಈ ಸಮಾಧಿಯನ್ನು ತಾನೇ ಮುಂದೆ ನಿಂತು ಮಾಡಿಸಿದ್ದಳು.

ಬೆಸ್ ಹುಟ್ಟಿದ್ದು 1527ರ ಸುಮಾರಿಗೆ, ಸಾಧಾರಣ ಜಮೀನ್ದಾರರ ಮನೆಯಲ್ಲಿ. ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡ. ನಾಲ್ಕು ಮದುವೆಯಾದಳು, ನಾಲ್ಕು ಸಲವೂ ವಿಧವೆಯಾದಳು. ಎರಡನೇ ಗಂಡ ಸರ್ ವಿಲಿಯಂ ಕ್ಯಾವೆಂಡಿಷ್. ಮನೆತನದ ಹೆಸರು ಬಂದಿದ್ದು ಅವನಿಂದ. 1547ರಲ್ಲಿ ಬೆಳಗಿನ ಜಾವ ಎರಡು ಗಂಟೆಗೆ ಮದುವೆಯಾಯಿತು ಅಂತ ಅವನೇ ಬರೆದಿಟ್ಟಿದ್ದಾನೆ. ಇದನ್ನು ಹೇಳಿದಾಗ ಅತ್ತಿಗೆಗೆ ಏನೂ ಆಶ್ಚರ್ಯವಾಗಲಿಲ್ಲ. "ಮುಹೂರ್ತ ಆ ಹೊತ್ತಿಗೇ ಇದ್ದೀತು" ಅಂದರು. ಎಂಟು ಮಕ್ಕಳಾದವು, ಆರು ಉಳಿದವು. ಡ್ಯೂಕ್‌ಗಳೆಲ್ಲ ಆ ಮಕ್ಕಳ ಸಂತತಿ.

ಅದೇ ನೆಲದ ಕೆಳಗಿನ ನೆಲಮಾಳಿಗೆಯಲ್ಲಿ ಇನ್ನೊಬ್ಬಳನ್ನೂ ಇಟ್ಟಿದ್ದಾರೆ. ಐದನೇ ಡ್ಯೂಕ್‌ನ ಹೆಂಡತಿ ಜಾರ್ಜಿಯಾನ. ಅವಳ ಕಾಲದಲ್ಲಿ ಇಡೀ ಲಂಡನ್ ಅವಳನ್ನು ನೋಡಲು ಮುಗಿಬೀಳುತ್ತಿತ್ತು. ನಾವು ಆ ಕಲ್ಲುಹಾಸಿನ ಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಂತೆವು.

ಎರಡನೇ ದಿನ: ಹಾರ್ಡ್‌ವಿಕ್ ಹಾಲ್

ಎಂ1 ಹೆದ್ದಾರಿಯಲ್ಲಿ ಹೋಗುವಾಗಲೇ ಗುಡ್ಡದ ಮೇಲೆ ಆ ಮನೆ ಕಾಣುತ್ತದೆ. ಆರು ಗೋಪುರ. ಎಲ್ಲ ಗೋಪುರದ ನೆತ್ತಿಯಲ್ಲೂ ಕಲ್ಲಿನಲ್ಲಿ ಕೊರೆದ ಎರಡು ಅಕ್ಷರ: ಇ ಮತ್ತು ಎಸ್. ಎಲಿಜಬೆತ್ ಶ್ರೂಸ್‌ಬರಿ. ನಾಲ್ಕನೇ ಗಂಡ ಶ್ರೂಸ್‌ಬರಿಯ ಅರ್ಲ್ ಆಗಿದ್ದರಿಂದ ಬಂದ ಹೆಸರು ಅದು. ಹೆಂಗಸೊಬ್ಬಳು ತನ್ನ ಹೆಸರನ್ನು ಆಕಾಶದ ಎತ್ತರಕ್ಕೆ ಬರೆಸಿಕೊಂಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅರ್ಲ್ ತೀರಿಕೊಂಡ 1590ರಲ್ಲೇ ಈ ಮನೆಯ ಕೆಲಸ ಶುರುವಾಯಿತು. 1597ರಲ್ಲಿ ಒಕ್ಕಲು. ಆಗ ಅವಳಿಗೆ ಸುಮಾರು ಎಪ್ಪತ್ತು. ನಕ್ಷೆ ರಾಬರ್ಟ್ ಸ್ಮಿತ್‌ಸನ್ ಅವನದು. ಕಿಟಕಿಗಳು ಎಷ್ಟು ದೊಡ್ಡವು ಅಂದರೆ ಗೋಡೆಗಿಂತ ಗಾಜೇ ಜಾಸ್ತಿ ಅಂತ ಅಲ್ಲಿನವರ ಒಂದು ಪ್ರಾಸದ ಮಾತೇ ಇದೆ. ಗಾಜು ಆಗ ದುಬಾರಿ. ಬೆಸ್ ತನ್ನದೇ ಗಾಜಿನ ಕಾರ್ಖಾನೆ ಇಟ್ಟುಕೊಂಡಿದ್ದಳು. ಖರ್ಚಿನ ಪುಸ್ತಕದಲ್ಲಿ ಪುಟ ಪುಟಕ್ಕೂ ಅವಳ ಸಹಿ ಇರುತ್ತಿತ್ತು. ಲೆಕ್ಕ ನೋಡದೆ ಒಂದು ಕಾಸೂ ಬಿಡುವವಳಲ್ಲ.

ಅಗಲವಾದ ಕಲ್ಲಿನ ಮೆಟ್ಟಿಲು ಮನೆಯೊಳಗೆ ಸುತ್ತಿ ಸುತ್ತಿ ಮೇಲೆ ಹೋಗುತ್ತದೆ. ಕೊನೆಯ ಅಂತಸ್ತಿನಲ್ಲಿ ಉದ್ದನೆಯ ಪಡಸಾಲೆ, ಸುಮಾರು 160 ಅಡಿ. ನೆಲಕ್ಕೆ ಜೊಂಡಿನ ಚಾಪೆ ಹಾಸಿದ್ದಾರೆ. ಕಾಲಿಟ್ಟರೆ ನಮ್ಮ ಅಜ್ಜಿ ಮನೆಯ ಚಾಪೆಯ ಹಾಗೇ ಸಣ್ಣಗೆ ಸದ್ದು. ಗೋಡೆ ತುಂಬಾ ಗಿಡಿಯನ್ ಅನ್ನುವ ಬೈಬಲ್ ವೀರನ ಕಥೆ ನೇಯ್ದ 13 ದೊಡ್ಡ ಪರದೆಗಳು. ಒಂದೊಂದೂ ಆರು ಮೀಟರ್ ಎತ್ತರ.

ಇವನ್ನು ಬೆಸ್ ಕೊಂಡಿದ್ದು 1592ರಲ್ಲಿ. ಎಲಿಜಬೆತ್ ರಾಣಿಯ ಚಾನ್ಸಲರ್ ಆಗಿದ್ದ ಕ್ರಿಸ್ಟೋಫರ್ ಹ್ಯಾಟನ್ ಸತ್ತ ಮೇಲೆ ಅವನ ವಾರಸುದಾರರು ಮಾರಿದರು. 326 ಪೌಂಡ್‌ಗೆ ವ್ಯಾಪಾರ ಕುದುರಿತು. ಆದರೆ ಪರದೆಯ ಮೇಲೆಲ್ಲ ಹ್ಯಾಟನ್ ಮನೆತನದ ಲಾಂಛನ ಇತ್ತು. ಅದನ್ನು ಮುಚ್ಚಿ ತನ್ನ ಲಾಂಛನ ಹಾಕಿಸಲು ಖರ್ಚಾಗುತ್ತದೆ ಅಂತ ಬೆಸ್ 5 ಪೌಂಡ್ ಕಡಿಮೆ ಮಾಡಿಸಿಕೊಂಡಳು. ಹ್ಯಾಟನ್ ಗುರುತು ಹೆಣ್ಣು ಜಿಂಕೆ. ಕ್ಯಾವೆಂಡಿಷ್ ಗುರುತು ಕೊಂಬಿನ ಗಂಡು ಜಿಂಕೆ. ಹೊಸ ಜಿಂಕೆ ಯಾಕೆ, ಇರುವ ಜಿಂಕೆಗೇ ಕೊಂಬು ಇಡಿಸಿದಳು! ಅತ್ತಿಗೆ ಇದನ್ನು ಕೇಳಿ ಪರದೆಯ ಹತ್ತಿರ ಹೋದರು. ಕನ್ನಡಕ ಹಣೆಗೇರಿಸಿ, ಕೈ ಹಿಂದೆ ಕಟ್ಟಿಕೊಂಡು, ಹಗ್ಗದ ಆಚೆಗೆ ಎಷ್ಟು ಬಗ್ಗಲು ಆಗುತ್ತದೋ ಅಷ್ಟು ಬಗ್ಗಿದರು.

ಅತ್ತಿಗೆಯ ತವರು ಧಾರವಾಡ. ಹನ್ನೆರಡನೇ ವಯಸ್ಸಿಗೇ ಕಸೂತಿ ಕೈಗೆ ಹತ್ತಿದೆ. ಗವಂತಿ, ಮುರಗಿ, ನೇಗಿ, ಮೆಂತಿ, ನಾಲ್ಕೂ ಹೊಲಿಗೆ ಬರುತ್ತವೆ. ಗೆರೆ ಹಾಕಿಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಗೋಪುರ, ಆನೆ, ತುಳಸಿಕಟ್ಟೆ ಮೂಡಿಸುತ್ತಾರೆ. ಅವರ ಜೊತೆ ಹಾರ್ಡ್‌ವಿಕ್ ನೋಡಿದ್ದು ನನ್ನ ಪುಣ್ಯ. ನನಗೆ ಚಿತ್ರ ಕಂಡರೆ ಅವರಿಗೆ ಹೊಲಿಗೆ ಕಾಣುತ್ತಿತ್ತು.

ಇನ್ನೊಂದು ಕಡೆ ಇದ್ದ ತೂಗುಬಟ್ಟೆಗಳ ಮುಂದೆ ಅವರು ಅರ್ಧ ಗಂಟೆ ಕದಲಲೇ ಇಲ್ಲ. ಪುರಾಣ ಮತ್ತು ಇತಿಹಾಸದ ಐವರು ಹೆಂಗಸರನ್ನು ಬೆಸ್ 1570ರ ದಶಕದಲ್ಲಿ ಬಟ್ಟೆಯಲ್ಲಿ ಮಾಡಿಸಿದ್ದಳು. ಪೆನೆಲೊಪೆ, ಲುಕ್ರೀಷಿಯಾ, ಜೆನೋಬಿಯಾ, ಆರ್ಟಿಮಿಸಿಯಾ ಉಳಿದಿದ್ದಾರೆ. ಕ್ಲಿಯೋಪಾತ್ರ ಉಳಿದಿಲ್ಲ. ಎಲ್ಲರೂ ಆಳಿನಷ್ಟು ಎತ್ತರ. ಗಂಡ ಯುದ್ಧಕ್ಕೆ ಹೋದಾಗ ವರ್ಷಗಟ್ಟಲೆ ನೇಯುತ್ತಾ ಬಿಚ್ಚುತ್ತಾ ಕಾದ ಪೆನೆಲೊಪೆಯ ಒಂದು ಪಕ್ಕದಲ್ಲಿ ಛಲ ನಿಂತಿದ್ದಾಳೆ, ಇನ್ನೊಂದು ಪಕ್ಕದಲ್ಲಿ ತಾಳ್ಮೆ.

ಬಟ್ಟೆ ಎಲ್ಲಿಯದು ಗೊತ್ತಾ? ಎಂಟನೇ ಹೆನ್ರಿಯ ಕಾಲದಲ್ಲಿ ಮಠಗಳನ್ನು ಮುಚ್ಚಿದಾಗ ಪಾದ್ರಿಗಳ ಜರಿಯ ನಿಲುವಂಗಿಗಳು ಕೈ ಬದಲಾಯಿಸಿದವು. ಅವನ್ನು ಕತ್ತರಿಸಿ, ತುಂಡು ತುಂಡಾಗಿ ಜೋಡಿಸಿ, ಹೊಲಿದು ಮಾಡಿದ್ದು. ಮಖಮಲ್ಲು, ರೇಷ್ಮೆ, ಚಿನ್ನದ ಜರಿ. "ಇದು ಕೌದಿ ನೋಡವ್ವಾ" ಅಂದರು ಅತ್ತಿಗೆ. "ರೇಷ್ಮಿ ಕೌದಿ. ಹಳೇ ಸೀರಿ ಬದಲಿಗೆ ಹಳೇ ಅಂಗಿ, ಅಷ್ಟ ಫರಕು."

ಈ ಬಟ್ಟೆಗಳಿಗಾಗಿ ಗಂಡ ಹೆಂಡತಿ ಜಗಳವಾಡಿದ್ದರು. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಎಲಿಜಬೆತ್ ರಾಣಿ ಸೆರೆಯಲ್ಲಿಟ್ಟಿದ್ದು ಶ್ರೂಸ್‌ಬರಿಯ ಕಾವಲಿನಲ್ಲಿ. 1569ರಿಂದ 15 ವರ್ಷ. ಶುರುವಿನಲ್ಲಿ ಬೆಸ್ ಮತ್ತು ಮೇರಿ ಒಟ್ಟಿಗೆ ಕೂತು ಕಸೂತಿ ಹಾಕುತ್ತಿದ್ದರು. ಆಮೇಲೆ ಆ ಮನೆಯಲ್ಲಿ ಎಲ್ಲರಿಗೂ ಎಲ್ಲರ ಮೇಲೆ ಅನುಮಾನ. ಗಂಡ ಹೆಂಡತಿ ಬೇರೆಯಾದರು. ತೂಗುಬಟ್ಟೆಗಳು ನನ್ನವು ಅಂದ ಅವನು. ಅವಳ ಉತ್ತರ ದಾಖಲೆಯಲ್ಲಿ ಉಳಿದಿದೆ. ಇವನ್ನು ಮಾಡಿದ್ದು ನನ್ನ ಮನೆಯ ಆಳುಗಳು, ಹೆಂಗಸರು, ಹುಡುಗರು. ಕಸೂತಿಗೆ ಅಂತ ಇಟ್ಟುಕೊಂಡಿದ್ದು ಒಂದು ಹೊತ್ತಿಗೆ ಒಬ್ಬ ಕಸುಬುದಾರನನ್ನು ಮಾತ್ರ. ಹೀಗಿತ್ತು ಅವಳ ವಾದ. ಅತ್ತಿಗೆ ಬೆಸ್ ಪರ ನಿಂತುಬಿಟ್ಟರು. "ಹೊಲಿದಾಕಿ ಯಾರು? ಅದನ್ನ ಮೊದಲ ಹೇಳಲಿ."

ಮೊಮ್ಮಗಳ ವಿಷಯಕ್ಕೆ ಬಂದರೆ ಬೆಸ್ ಮೇಲೆ ನನಗೆ ಸಿಟ್ಟು ಬರುತ್ತದೆ. ಅರ್ಬೆಲ್ಲಾ ಸ್ಟುವರ್ಟ್, 1575ರಲ್ಲಿ ಹುಟ್ಟಿದವಳು. ಅಪ್ಪನ ಕಡೆಯಿಂದ ಇಂಗ್ಲೆಂಡಿನ ಪಟ್ಟಕ್ಕೆ ಹಕ್ಕಿತ್ತು. ಅದಕ್ಕೇ ಅಜ್ಜಿ ಅವಳನ್ನು ಹಾರ್ಡ್‌ವಿಕ್‌ನಲ್ಲಿ ಕಣ್ಣಿನ ಕಾವಲಲ್ಲಿ ಇಟ್ಟಳು. ದೊಡ್ಡವಳಾದ ಮೇಲೂ ಅಜ್ಜಿಯ ಕೋಣೆಯಲ್ಲೇ ಮಲಗಬೇಕು. ಕೊನೆಗೆ 1610ರಲ್ಲಿ ವಿಲಿಯಂ ಸೀಮೋರ್‌ನನ್ನು ಗುಟ್ಟಾಗಿ ಮದುವೆಯಾದಳು. ದೊರೆ ಇಬ್ಬರನ್ನೂ ಬಂಧಿಸಿದ. ಮರುವರ್ಷ ಗಂಡಸಿನ ವೇಷ ಹಾಕಿ ತಪ್ಪಿಸಿಕೊಂಡಳು. ಸಮುದ್ರದ ಮೇಲೆ ಸಿಕ್ಕಿಬಿದ್ದಳು. 1615ರಲ್ಲಿ ಲಂಡನ್ ಟವರ್‌ನಲ್ಲೇ ಸತ್ತಳು. ಆ ಎತ್ತರದ ಕಿಟಕಿಗಳ ಮುಂದೆ ನಿಂತು ಹೊರಗಿನ ಹಸಿರು ನೋಡುವಾಗ ನನಗೆ ಅವಳದೇ ಯೋಚನೆ. ಅಷ್ಟು ಬೆಳಕು, ಅಷ್ಟು ಗಾಜು, ಬಾಗಿಲು ಮಾತ್ರ ಮುಚ್ಚಿದ್ದು.

ಬೆಸ್ 1608ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಕಟ್ಟುವ ಕೆಲಸ ನಿಲ್ಲುವವರೆಗೆ ಅವಳಿಗೆ ಸಾವಿಲ್ಲ ಅಂತ ಜನ ಹೇಳುತ್ತಿದ್ದರಂತೆ. ಆ ಚಳಿಗೆ ಗಾರೆ ಹೆಪ್ಪುಗಟ್ಟಿ ಕೆಲಸ ನಿಂತಿತು ಅನ್ನುವುದು ಕಥೆ.

ಇಷ್ಟು ಬಟ್ಟೆ 400 ವರ್ಷ ಉಳಿದಿದ್ದು ಹೇಗೆ? ಒಂದು ಕಾರಣ ಎವಲಿನ್. ಒಂಬತ್ತನೇ ಡ್ಯೂಕ್‌ನ ಹೆಂಡತಿ. ಅವಳ ಅಪ್ಪ ಲ್ಯಾನ್ಸ್‌ಡೌನ್ 1888ರಿಂದ 1894ರವರೆಗೆ ಭಾರತದ ವೈಸರಾಯ್. ಗಂಡ ಹೋದ ಮೇಲೆ ಈ ಚಳಿ ಮನೆಯಲ್ಲಿ ಇದ್ದುಕೊಂಡು, ಪರದೆ ಪರದೆಯನ್ನೂ ಕೂತು ರಫು ಮಾಡಿದಳು. ಕ್ಯಾವೆಂಡಿಷ್ ಮನೆಯವರಲ್ಲಿ ಇಲ್ಲಿ ಕೊನೆಗೆ ಬಾಳಿದವಳೂ ಅವಳೇ. ಈಗ ಮನೆ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ. ಗಿಡಿಯನ್ ಪರದೆಗಳನ್ನು ಒಂದೊಂದಾಗಿ ತೊಳೆದು ಸರಿಮಾಡುವ ಕೆಲಸಕ್ಕೆ ಟ್ರಸ್ಟ್‌ಗೆ 24 ವರ್ಷ ಹಿಡಿಯಿತು. ಮುಗಿದಿದ್ದು 2023ರಲ್ಲಿ. ಅತ್ತಿಗೆಗೆ ಈ ಲೆಕ್ಕ ಜಾಸ್ತಿ ಅನ್ನಿಸಲೇ ಇಲ್ಲ.

ಮೂರನೇ ದಿನ: ಬೋಲ್ಸೋವರ್

ಇಡೀ ದಿನ ಮಳೆ. ಕೊಡೆ ಹಿಡಿದುಕೊಂಡೇ ಬೋಲ್ಸೋವರ್ ಕೋಟೆ ನೋಡಿದೆವು. ಇದನ್ನು ಶುರುಮಾಡಿದ್ದು ಬೆಸ್‌ನ ಮಗ ಚಾರ್ಲ್ಸ್, ಮುಗಿಸಿದ್ದು ಮೊಮ್ಮಗ ವಿಲಿಯಂ. ಈ ಕವಲಿನವರು ನ್ಯೂಕ್ಯಾಸಲ್ ಡ್ಯೂಕ್ ಆದರು.

ವಿಲಿಯಂನ ಹೆಣ್ಣುಮಕ್ಕಳು ಜೇನ್ ಮತ್ತು ಎಲಿಜಬೆತ್. 1640ರ ದಶಕದ ಅಂತರ್ಯುದ್ಧದಲ್ಲಿ ಅಪ್ಪ ದೇಶ ಬಿಟ್ಟು ಹೋದ. ಶತ್ರು ಸೈನಿಕರು ಅವರ ಇನ್ನೊಂದು ಮನೆ ವೆಲ್‌ಬೆಕ್ ಹಿಡಿದರು. ಈ ಹುಡುಗಿಯರು ಅಲ್ಲೇ ಇದ್ದು ಮನೆ ಕಾದರು, ಕೂತು ನಾಟಕ ಬರೆದರು. ಅಪ್ಪ ಪ್ಯಾರಿಸ್‌ನಲ್ಲಿ ಎರಡನೇ ಮದುವೆಯಾದ. ಮಲತಾಯಿಯಾಗಿ ಬಂದವಳು ಮಾರ್ಗರೆಟ್ ಲೂಕಸ್. ಅವಳೂ ಬರಹಗಾರ್ತಿಯೇ! ಕವನ, ನಾಟಕ, ವಿಜ್ಞಾನದ ವಾದ, 1666ರಲ್ಲಿ ಬೇರೊಂದು ಲೋಕದ ಕಾಲ್ಪನಿಕ ಕಥೆ. ಹೆಂಗಸರು ಬೇರೆ ಹೆಸರಿನಲ್ಲಿ ಬರೆಯುವ ಕಾಲದಲ್ಲಿ ಎಲ್ಲದಕ್ಕೂ ತನ್ನ ಹೆಸರೇ ಹಾಕಿಕೊಂಡಳು. 1667ರ ಮೇ 30ರಂದು ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯ ಸಭೆಗೆ ಹೋದಳು. ಅಲ್ಲಿಗೆ ಕಾಲಿಟ್ಟ ಮೊದಲ ಹೆಂಗಸು. ಆ ಸೊಸೈಟಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡಿದ್ದು 1945ರಲ್ಲಿ. ನಡುವೆ 278 ವರ್ಷ.

ಕಾರಿನಲ್ಲಿ ವಾಪಸ್ ಬರುವಾಗ ಹುಡುಗನಿಗೆ ಕ್ರಿಶ್ಚಿಯನ್ ಬ್ರೂಸ್ ಕಥೆ ಹೇಳಿದೆ. ಇದು ಹೆಂಗಸಿನ ಹೆಸರು. ಬೆಸ್ ತೀರಿಕೊಂಡ ಎರಡು ತಿಂಗಳಿಗೆ, ಹನ್ನೆರಡು ವರ್ಷಕ್ಕೇ ಸೊಸೆಯಾಗಿ ಬಂದವಳು. ಗಂಡ 1628ರಲ್ಲಿ ಸತ್ತಾಗ ಉಳಿಸಿದ್ದು ಬರೀ ಸಾಲ ಮತ್ತು ಕೋರ್ಟ್ ಕೇಸು. ಮಗ ಇನ್ನೂ ಚಿಕ್ಕವನು. ಅವಳೇ ಕೇಸು ನಡೆಸಿದಳು, ಜಮೀನು ಬಿಡಿಸಿದಳು. ಅವಳಿಲ್ಲದಿದ್ದರೆ ನಾಳೆ ನಾವು ನೋಡಲು ಚಾಟ್ಸ್‌ವರ್ತ್ ಅವರ ಕೈಯಲ್ಲಿ ಉಳಿಯುತ್ತಿತ್ತೋ ಇಲ್ಲವೋ.

ನಾಲ್ಕನೇ ದಿನ: ಚಾಟ್ಸ್‌ವರ್ತ್

ಮಳೆ ನಿಂತು ಬಿಸಿಲು ಬಂತು. ಡರ್ವೆಂಟ್ ನದಿ, ಅದರಾಚೆ ಹೊಂಬಣ್ಣದ ಅರಮನೆ, ಹಿಂದೆ ಕಾಡು. 1549ರಲ್ಲಿ ಬೆಸ್ ಮತ್ತು ಎರಡನೇ ಗಂಡ ಈ ಜಮೀನನ್ನು 600 ಪೌಂಡ್‌ಗೆ ಕೊಂಡರು. ಅವಳ ತವರು ಸೀಮೆ ಅಂತ. ಅವಳು ಕಟ್ಟಿಸಿದ ಮನೆ ಈಗಿಲ್ಲ, ಮೊದಲ ಡ್ಯೂಕ್ ಪೂರ್ತಿ ಹೊಸದು ಮಾಡಿದ.

ನಾನು ಬಂದಿದ್ದು ಜಾರ್ಜಿಯಾನಳಿಗಾಗಿ. ಸ್ಪೆನ್ಸರ್ ಮನೆಯ ಹುಡುಗಿ. 1774ರ ಜೂನ್ 7ರಂದು, ಹದಿನೇಳು ತುಂಬಿದ ದಿನವೇ ಮದುವೆ. ಗಂಡ ಮಾತಿಲ್ಲದ ಮನುಷ್ಯ. ಅವಳು ಮಾತು, ನಗು, ಪತ್ರ, ಇಸ್ಪೀಟು. ಜೂಜಿನ ಸಾಲ ಎಷ್ಟಾಯಿತೆಂದರೆ ಗಂಡನಿಗೆ ಪೂರ್ತಿ ಲೆಕ್ಕ ಹೇಳುವ ಧೈರ್ಯ ಕೊನೆಯವರೆಗೂ ಬರಲಿಲ್ಲ. 1784ರ ಚುನಾವಣೆಯಲ್ಲಿ ಚಾರ್ಲ್ಸ್ ಫಾಕ್ಸ್ ಪರವಾಗಿ ಬೀದಿಗಿಳಿದು ಅಂಗಡಿ ಅಂಗಡಿಗೆ ಹೋಗಿ ವೋಟು ಕೇಳಿದಳು. ಅವಳಿಗೇ ವೋಟು ಇರಲಿಲ್ಲ! ಮುತ್ತು ಕೊಟ್ಟು ವೋಟು ಕೊಂಡಳು ಅಂತ ವ್ಯಂಗ್ಯಚಿತ್ರ ಬರೆದು ಹಂಚಿದರು. ಗೆದ್ದಿದ್ದು ಫಾಕ್ಸ್, ಹೊಲಸು ಮಾತು ಕೇಳಿದ್ದು ಇವಳು.

ರೆನಾಲ್ಡ್ಸ್ ಬರೆದ ಅವಳ ಚಿತ್ರದಲ್ಲಿ ತೊಡೆಯ ಮೇಲೆ ಮಗಳಿದ್ದಾಳೆ. ತಾಯಿ ಒಂದು ಕೈ ಎತ್ತಿದ್ದಾಳೆ, ಮಗುವೂ ಕೈ ಎತ್ತಿದೆ. ದೊಡ್ಡ ಮನೆಗಳಲ್ಲಿ ಮಗುವನ್ನು ದಾದಿಗೆ ಕೊಡುವ ಕಾಲದಲ್ಲಿ ಇವಳು ತಾನೇ ಹಾಲುಣಿಸಿದವಳು. ಗೇನ್ಸ್‌ಬರೋ ಬರೆದ ಇನ್ನೊಂದು ಚಿತ್ರದ ಕಥೆಯೇ ಬೇರೆ. ಅದು ಮನೆಯಿಂದ ಕಾಣೆಯಾಗಿ ಕೊನೆಗೆ ಒಬ್ಬ ಶಾಲಾ ಶಿಕ್ಷಕಿಯ ಮನೆಯಲ್ಲಿ ಸಿಕ್ಕಿತು. ಒಲೆಯ ಮೇಲಿನ ಜಾಗಕ್ಕೆ ಹಿಡಿಸಲಿ ಅಂತ ಆಕೆ ಕೆಳಗಿನ ಭಾಗ ಕತ್ತರಿಸಿದ್ದಳು. 1876ರಲ್ಲಿ ಲಂಡನ್‌ನಲ್ಲಿ ಕಳುವಾಯಿತು. 25 ವರ್ಷ ಕಳ್ಳನ ಹತ್ತಿರವೇ ಇತ್ತು. 1994ರಲ್ಲಿ 11ನೇ ಡ್ಯೂಕ್ ಹರಾಜಿನಲ್ಲಿ ಕೊಂಡು ಮನೆಗೆ ತಂದರು.

ಅವಳ ಎದೆಯೊಳಗಿನ ನೋವು ಬೇರೆ ಇತ್ತು. ಚಾರ್ಲ್ಸ್ ಗ್ರೇ ಜೊತೆ ಪ್ರೀತಿಯಾಗಿ 1792ರಲ್ಲಿ ಫ್ರಾನ್ಸ್‌ನಲ್ಲಿ ಎಲೈಜಾ ಹುಟ್ಟಿದಳು. ಕೂಸನ್ನು ಗ್ರೇ ಮನೆಯವರಿಗೆ ಒಪ್ಪಿಸಬೇಕಾಯಿತು. ಇಲ್ಲದಿದ್ದರೆ ಇಲ್ಲಿನ ಮೂರು ಮಕ್ಕಳ ಮುಖ ನೋಡಲು ಬಿಡುತ್ತಿರಲಿಲ್ಲ. ಆ ಮೂರು ಮಕ್ಕಳನ್ನೂ ಎರಡು ವರ್ಷ ಬಿಟ್ಟಿದ್ದಳು. "ಯಾವ ಕೂಸು ಬಿಡಬೇಕು ಅಂತ ತಾಯಿಗೆ ಕೇಳೋದss?" ಅಂದ ಅತ್ತಿಗೆ ಮುಂದಿನ ಕೋಣೆಗೆ ಬರುವವರೆಗೂ ಮಾತಾಡಲಿಲ್ಲ.

ಇಲ್ಲೊಂದು ನಮ್ಮ ಕಡೆಯ ಎಳೆಯೂ ಇದೆ. ಐದನೇ ಡ್ಯೂಕ್‌ನ ತಂಗಿ ಡೊರೊಥಿ, ಅಂದರೆ ಜಾರ್ಜಿಯಾನಳ ನಾದಿನಿ. 1766ರಲ್ಲಿ ಪೋರ್ಟ್‌ಲ್ಯಾಂಡ್ ಡ್ಯೂಕ್ ಬೆಂಟಿಂಕ್ ಮನೆಗೆ ಹೋದಳು. ಅವಳ ಮಗನೇ ಲಾರ್ಡ್ ವಿಲಿಯಂ ಬೆಂಟಿಂಕ್. ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರ ದಂಗೆಯ ನೆಪ ಹಿಡಿದು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡ ಗವರ್ನರ್ ಜನರಲ್. ವಾಪಸ್ ಬರಲು 1881 ಆಯಿತು. 1831ರಲ್ಲಿ ಇಂಗ್ಲೆಂಡಿನ ಪ್ರಧಾನಿ ಯಾರು? ಎಲೈಜಾಳ ಅಪ್ಪ, ಅದೇ ಗ್ರೇ. ನಾನು ಮೈಸೂರಿನವಳು. ಆ ಮೆಟ್ಟಿಲ ಮೇಲೆ ನಿಂತು ಇದನ್ನು ನೆನೆದಾಗ ಮೈ ಜುಂ ಅಂದಿತು.

ಹೊರಗೆ ಬರುವ ಮುಂಚೆ ತಿಳಿದ ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಬಂದು ಕೂರುವುದಕ್ಕಿಂತ ಶಾಲೆ ಬರಲಿ ಅಂತ ವೇಲ್ಸ್‌ನ ಪೆನ್ರೋಸ್ ಕಾಲೇಜಿನ ಸುಮಾರು 300 ಹುಡುಗಿಯರಿಗೆ ಈ ಅರಮನೆ ಬಿಟ್ಟುಕೊಟ್ಟಿದ್ದರು. ದೊರೆಗಳಿಗೆ ಅಂತ ಮಾಡಿಸಿದ ಕೋಣೆಗಳಲ್ಲಿ ಸಾಲು ಮಂಚ ಹಾಕಿ ಮಲಗುತ್ತಿದ್ದರು.

ಐದನೇ ದಿನ: ಈಡನ್ಸರ್

ಬರೆಯುವುದು ಈಡನ್ಸರ್, ಊರವರು ಅನ್ನುವುದು ಎನ್ಸರ್. ಚಾಟ್ಸ್‌ವರ್ತ್ ಪಾರ್ಕಿನೊಳಗಿನ ಪುಟ್ಟ ಹಳ್ಳಿ. ಚರ್ಚಿನ ಹಿಂದೆ ಏರು ಹತ್ತಿದರೆ ಕ್ಯಾವೆಂಡಿಷ್ ಮನೆಯವರ ಗೋರಿಗಳು. ದೊಡ್ಡ ಗೋಪುರವಿಲ್ಲ, ಹುಲ್ಲಿನ ನಡುವೆ ಸರಳ ಕಲ್ಲು.

ಒಂದು ಕಲ್ಲಿನ ಹತ್ತಿರ ಜಾನ್ ಎಫ್. ಕೆನಡಿ 1963ರ ಜೂನ್‌ನಲ್ಲಿ ಬಂದಿದ್ದರ ಫಲಕ. ಅವರ ತಂಗಿ ಕ್ಯಾಥ್ಲೀನ್ ಇಲ್ಲಿ ಮಲಗಿದ್ದಾಳೆ. ಕ್ಯಾಥೊಲಿಕ್ ಮನೆಯ ಹುಡುಗಿ, ತಾಯಿಯ ಮಾತು ಮೀರಿ 1944ರ ಮೇನಲ್ಲಿ ಈ ಮನೆಯ ಹಿರಿಮಗನನ್ನು ಮದುವೆಯಾದಳು. ನಾಲ್ಕು ತಿಂಗಳಿಗೆ ಬೆಲ್ಜಿಯಂನಲ್ಲಿ ಗಂಡ ಗುಂಡಿಗೆ ಬಲಿಯಾದ. 1948ರಲ್ಲಿ ವಿಮಾನ ಬಿದ್ದು ಅವಳೂ ಹೋದಳು, 28 ವರ್ಷ.

ಹಿರಿಮಗ ಹೋದದ್ದರಿಂದ ಕಿರಿಮಗನಿಗೆ ಪಟ್ಟ. ಅವರ ಹೆಂಡತಿ ಡೆಬೊರಾ. 1950ರಲ್ಲಿ ಮಾವ ಹಠಾತ್ತನೆ ತೀರಿಕೊಂಡಾಗ ಶೇಕಡ 80ರ ತೆರಿಗೆ ತಲೆ ಮೇಲೆ ಬಂತು. ಹಾರ್ಡ್‌ವಿಕ್ ಹೋಗಿದ್ದೇ ಆ ತೆರಿಗೆಗೆ. ಖಾಲಿ ಬಿದ್ದಿದ್ದ ಚಾಟ್ಸ್‌ವರ್ತ್‌ಗೆ 1959ರಲ್ಲಿ ಬಂದು, ಕೋಣೆ ಕೋಣೆಯನ್ನೂ ಸರಿಮಾಡಿ, ಜನರಿಗೆ ತೆರೆದು, 1977ರಲ್ಲಿ ತೋಟದ ಅಂಗಡಿ ಹಾಕಿ ಮನೆಯನ್ನು ಅದರ ಕಾಲ ಮೇಲೆ ನಿಲ್ಲಿಸಿದರು. ಕೋಳಿ ಸಾಕುವುದೆಂದರೆ ಪ್ರಾಣ. 2014ರಲ್ಲಿ ತೀರಿಕೊಂಡು ಇಲ್ಲೇ ಮಣ್ಣಾದರು. ಬೆಸ್ ಆದಮೇಲೆ ನನಗೆ ತುಂಬಾ ಇಷ್ಟದವರು ಇವರೇ.

ಅಂಗಡಿ ಹತ್ತಿರದ ಪಿಲ್ಸ್‌ಲಿಯಲ್ಲಿದೆ. ಅಲ್ಲಿ ಕೂತು ಚೀಲದಲ್ಲಿದ್ದ ಚಪಾತಿ, ಬಾಳೆಹಣ್ಣು ತಿಂದೆವು. ನಾವು ಊರಲ್ಲಿ ಪಚ್ಚಬಾಳೆ ಅನ್ನುತ್ತೇವಲ್ಲ, ಅದು ಕ್ಯಾವೆಂಡಿಷ್ ಜಾತಿಯದು. ಜಾರ್ಜಿಯಾನಳ ಮಗ ಆರನೇ ಡ್ಯೂಕ್‌ನ ಹೆಸರು. 1830ರ ದಶಕದಲ್ಲಿ ಇಲ್ಲಿಯ ಗಾಜಿನ ಮನೆಯಲ್ಲಿ ಅವನ ತೋಟಗಾರ ಪ್ಯಾಕ್ಸ್‌ಟನ್ ಬೆಳೆಸಿದ್ದ. ಆ ಡ್ಯೂಕ್ ಮದುವೆಯಾಗಲಿಲ್ಲ, ಪಟ್ಟ ದಾಯಾದಿಗೆ ಹೋಯಿತು. ಆದರೆ ಆ ದಾಯಾದಿಯ ಹೆಂಡತಿ ಬ್ಲಾಂಚ್, ಜಾರ್ಜಿಯಾನಳ ಮಗಳ ಮಗಳು! ರೆನಾಲ್ಡ್ಸ್ ಚಿತ್ರದಲ್ಲಿ ಕೈ ಎತ್ತಿದ ಕೂಸಿನ ಮಗಳು. "ತವರಿನ ಮನಿಗೇ ಸೊಸಿಯಾಗಿ ಬಂದಳು ಅನ್ನು" ಅಂದರು ಅತ್ತಿಗೆ. ನಮ್ಮಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಅವರು ಕೈಚೀಲದಿಂದ ಚೌಕುಳಿ ಕಾಗದ ತೆಗೆದರು. ಮೂರು ದಿನದಿಂದ ಅವರ ತಲೆಯಲ್ಲಿ ಹಾರ್ಡ್‌ವಿಕ್ ಜಿಂಕೆಯೇ ಇತ್ತಂತೆ. ಕಸೂತಿಗೆ ಇಳಿಸಬೇಕು. ಮೈ ಆಯಿತು, ಕಾಲು ಆಯಿತು. ಕೊಂಬಿಗೆ ಬಂದು ಪೆನ್ಸಿಲ್ ನಿಂತಿತು. ಎಷ್ಟು ಕವಲು ಇತ್ತು? ನನಗೂ ನೆನಪಿಲ್ಲ. ಹುಡುಗ ಫೋನಿನಲ್ಲಿ ತೆಗೆದ ಫೋಟೊ ಹುಡುಕಿದ. ಪಡಸಾಲೆಯ ಮಬ್ಬು ಬೆಳಕಿನಲ್ಲಿ ತೆಗೆದದ್ದು, ದೊಡ್ಡದು ಮಾಡಿದಷ್ಟೂ ಮಸುಕು. ಮೂವರೂ ಫೋನಿನ ಮೇಲೆ ಬಗ್ಗಿ ಒಂದು, ಎರಡು ಅಂತ ಎಣಿಸತೊಡಗಿದೆವು.